ಸಮುದ್ರಕ್ಕೆ ಪಹಣಿ ಇಲ್ಲ



ಸಮುದ್ರದ ನೀರಿನ ಸೆಳೆತದಿಂದ ಕರೆಂಟು ತೆಗೆಯುವ ಮಾತು ಕೇಳಿಬರುತ್ತಿದೆ. ತೆಗೆಯಲಿ. ಆದರೆ ಯಾವ ಕರಾವಳಿಯಲ್ಲಿ ಎಂಬುದನ್ನು ಯಾರು, ಯಾವ ಅಳತೆಗೋಲಿನಿಂದ ಗೊತ್ತುಮಾಡುತ್ತಾರೆ? ಮೈಂದರ್ಗಿ, ಅಕ್ಕಲಕೋಟೆ ಕಡೆಯವರು "ಸಮುದ್ರ ಕಾಣದ ನಮಗೆ ಇದೇಕೆ" ಎಂದು ಪುಟ ತಿರುವಬೇಡಿ. ಲೈನು ಮನೆಯಲ್ಲಿ ಹುಟ್ಟಿ, ಒಂದು ಗುಂಟೆಗೂ ಹೆಸರಿಲ್ಲದೆ ದುಡಿಯುವವರಿಗೆ ಈ ಪ್ರಶ್ನೆ ಬೇಗ ತಿಳಿಯುತ್ತದೆ.

ಇಂಜಿನಿಯರರ ಲೆಕ್ಕ ಸರಳ. ನೀರಿನ ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಆದ್ದರಿಂದ ಉಬ್ಬರದ ನೀರು ರಭಸದಿಂದ ನುಗ್ಗುವ ಜಾಗವೇ ಬೇಕು. ಮಂಗಳೂರಿನಲ್ಲಿ ಉಬ್ಬರ ಒಂದೂವರೆ ಮೀಟರಿನ ಆಸುಪಾಸು. ಗುಜರಾತಿನ ಖಂಭಾತ ಕೊಲ್ಲಿಯಲ್ಲಿ ಹತ್ತು ಮೀಟರಿಗೂ ಮಿಕ್ಕುತ್ತದೆ. ಅದಕ್ಕೇ ಕಣ್ಣು ಬಿದ್ದಿರುವುದು ಖಂಭಾತ, ಕಚ್ಛ, ಸುಂದರಬನಗಳ ಮೇಲೆ. ಆಮೇಲೆ ಆಳ ನೋಡುತ್ತಾರೆ, ತಳದ ಬಂಡೆ ನೋಡುತ್ತಾರೆ, ವಿದ್ಯುತ್ ತಂತಿ ಎಷ್ಟು ದೂರವೆಂದು ನೋಡುತ್ತಾರೆ.

ಬಲೆಯನ್ನು ನೋಡುವವರಿಲ್ಲ. ಗುಜರಾತ್, ಮಹಾರಾಷ್ಟ್ರದ ಮೀನುಗಾರರು ಬೊಂಬಿಲ್ ಹಿಡಿಯುವ ಡೋಲ್ ಬಲೆಯನ್ನು ಕಟ್ಟುವುದೇ ಉಬ್ಬರದ ಸೆಳೆತಕ್ಕೆ ಎದುರಾಗಿ. ಯಂತ್ರಕ್ಕೆ ಬೇಕಾದ ನೀರೇ ಬಲೆಗೂ ಬೇಕು! ನಕ್ಷೆಯಲ್ಲಿ ಅದು ಖಾಲಿ ನೀರು.

ನೆಲದ ಮೇಲೆ ಆದದ್ದನ್ನು ನೋಡಿರಿ. ಪಾವಗಡದ ಸೋಲಾರ್ ಪಾರ್ಕಿಗೆ ಸುಮಾರು 13,000 ಎಕರೆ ಗುತ್ತಿಗೆಗೆ ಹೋಯಿತು. ಬಾಡಿಗೆ ಶುರುವಾದದ್ದು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ. ಅದು ಪಹಣಿ ಇದ್ದವರಿಗೆ. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವಳಿಗೆ? ಕೂಲಿ ಹೋಯಿತು, ಬಾಡಿಗೆ ಬರಲಿಲ್ಲ. ಸಮುದ್ರಕ್ಕಂತೂ ಯಾರ ಹೆಸರಿನ ಪಹಣಿಯೂ ಇಲ್ಲ.

ಹಾಗಾದರೆ ಕಲ್ಲಿದ್ದಲೇ ಇರಲೇ? ಸೋಲಾಪುರದ ಪಕ್ಕದ 1,320 ಮೆಗಾವಾಟ್ ಸ್ಥಾವರವನ್ನು ಕಂಡವರು ಹಾಗೆನ್ನಲಾರರು.

ಈಗ ಮಾತಾಡಲು ಸಮಯವಿದೆ. ಸುಂದರಬನದ ದುರ್ಗಾದುವಾನಿಯ 3.75 ಮೆಗಾವಾಟ್ ಯೋಜನೆ, ಕಚ್ಛದಲ್ಲಿ 2011ರಲ್ಲಿ ಸಾರಿದ 50 ಮೆಗಾವಾಟ್ ಯೋಜನೆ, ಎರಡೂ ವೆಚ್ಚ ಹೆಚ್ಚೆಂದು ಕಾಗದದಲ್ಲೇ ಉಳಿದವು. ಕೇರಳದ ವಿಳಿಂಜಂನಲ್ಲಿ 1991ರಲ್ಲಿ ಅಲೆಯಿಂದ ಕರೆಂಟು ತೆಗೆಯಲು ಹಾಕಿದ 150 ಕಿಲೋವಾಟ್ ಘಟಕವೂ ನಿಂತಿದೆ. ಗಮನಿಸಿರಿ, ತಡೆದದ್ದು ರೂಪಾಯಿ ಲೆಕ್ಕ, ಮೀನುಗಾರರ ಮಾತಲ್ಲ. ಯಂತ್ರ ಅಗ್ಗವಾದ ದಿನ ಆ ತಡೆಯೂ ಇರದು.

ಆದಕಾರಣ ಸರ್ವೇಗೆ ಮೊದಲೇ, ಯಾವ ತಿಂಗಳು ಯಾರ ಬಲೆ ಎಲ್ಲಿ ಬೀಳುತ್ತದೆಂದು ಮೀನುಗಾರರೇ ಗುರುತು ಹಾಕಿದ ನಕ್ಷೆ ಆಗಬೇಕು. ಪರಿಹಾರ ದೋಣಿಯ ಮಾಲೀಕನಲ್ಲಿಗೆ ನಿಲ್ಲದೆ, ದೋಣಿಯ ಕೂಲಿಯಾಳಿಗೂ ದಡದಲ್ಲಿ ಮೀನು ಒಣಗಿಸುವ ಹೆಂಗಸರಿಗೂ ಅವರವರ ಹೆಸರಿನಲ್ಲೇ ಸಲ್ಲಬೇಕು.