ಬದು ಹಾಕಿಕೊಂಡ ಪಟ್ಟಿಗಳು

ಶುಗರ್ ಟೆಸ್ಟ್ ಎಲ್ಲೆಡೆ ಒಂದೇ. ಆದರೆ ಒಂದು ಆಸ್ಪತ್ರೆಯ ಕಂಪ್ಯೂಟರ್ ಬರೆದಿಟ್ಟದ್ದು ಇನ್ನೊಂದಕ್ಕೆ ಅರ್ಥವಾಗದು. ಈ ಗೋಜಲು ಬಿಡಿಸಲೆಂದೇ ಹುಟ್ಟಿದ ಸಂಸ್ಥೆಗಳೂ ಬಹುಕಾಲ ತಂತಮ್ಮ ಪಟ್ಟಿ ಬೆಳೆಸುವುದರಲ್ಲೇ ಮಗ್ನ. ಇಂಡಿಯಾನಾಪೊಲಿಸ್‌ನ ರೀಗನ್‌ಸ್ಟ್ರೀಫ್ ಸಂಸ್ಥೆ 1994ರಲ್ಲಿ ಶುರುಮಾಡಿದ ಲಾಯಿಂಕ್ ಎಂಬ ಪಟ್ಟಿ, ಪರೀಕ್ಷೆಗಳಿಗೆ ಸಂಕೇತ ಕೊಡುತ್ತದೆ. ಸ್ನೊಮೆಡ್ ಸಿಟಿ ಎಂಬ ಇನ್ನೊಂದು ಪಟ್ಟಿ ರೋಗ, ಲಕ್ಷಣ, ಚಿಕಿತ್ಸೆಗಳಿಗೆ. ಲ್ಯಾಬ್ ಮಾತ್ರ ಇಬ್ಬರ ಹೊಲದ ನಡುವಿನ ಬದುವಿನಂತೆ ತಕರಾರಿನ ಜಾಗವಾಗಿತ್ತು. ಕೊನೆಗೆ 2013ರಲ್ಲಿ ಎರಡನ್ನೂ ಬೆಸೆಯುವ ಒಪ್ಪಂದವಾಯಿತು. ಸ್ಥೂಲವಾಗಿ ಹೇಳುವುದಾದರೆ, ಯಾವ ಪರೀಕ್ಷೆ ಎಂಬ ಪ್ರಶ್ನೆ ಲಾಯಿಂಕ್‌ನದು, ಫಲಿತಾಂಶವೇನು ಎಂಬ ಉತ್ತರ ಸ್ನೊಮೆಡ್‌ನದು. ಎರಡನ್ನೂ ಹೊತ್ತು ಸಾಗಿಸಲು ಎಚ್‌ಎಲ್‌7 ಎಂಬ ಸಂಸ್ಥೆ ರೂಪಿಸಿದ ಫೈರ್ ಎಂಬ ಮಾನದಂಡ ಇದೆ. ನಮ್ಮ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ನೆಚ್ಚಿರುವುದೂ ಈ ಫೈರ್ ಅನ್ನೇ. ಇತ್ತ ತಾಲ್ಲೂಕಿನ ಸಣ್ಣ ಲ್ಯಾಬುಗಳು ವರದಿಯನ್ನು ಪಿಡಿಎಫ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಿವೆ, ಅದರಲ್ಲಿ ಯಾರ ಸಂಕೇತವೂ ಇರುವುದಿಲ್ಲ.