ಹರಿದ ಗಾಯದ ನಂತರದ ಹೆರಿಗೆ: ತೀರ್ಮಾನ ಯಾರದು?

ಮಹಿಳೆಯರ ವಾರದ ತರಗತಿ ಮುಗಿಯುವ ಹೊತ್ತಿಗೆ ನಾವು ಬಾಗಿಲ ಬಳಿ ಒಂದು ಪೆಟ್ಟಿಗೆಯನ್ನಿಡುತ್ತೇವೆ. ಎದ್ದುನಿಂತು ಕೇಳಲಾಗದ ಪ್ರಶ್ನೆಗಳನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಅದರಲ್ಲಿ ಹಾಕಬಹುದು. ಬರುವುದು ಹೆಚ್ಚಾಗಿ ಚಿನ್ನದ ಝಕಾತ್‌ನ ಲೆಕ್ಕ, ಮುಟ್ಟಿನ ದಿನಗಳ ಎಣಿಕೆ, ಇಲ್ಲವೇ ಮನೆಯೊಳಗಿನ ತಕರಾರು. ಕೆಲವು ತಿಂಗಳ ಹಿಂದೆ ಬಂದ ಚೀಟಿಯೊಂದು ಬೇರೆಯಾಗಿತ್ತು. ಮೊದಲ ಹೆರಿಗೆಯಾದಂದಿನಿಂದ ಗಾಳಿಯನ್ನು ತಡೆಯಲಾಗುತ್ತಿಲ್ಲ, ಕೆಲವೊಮ್ಮೆ ಬಟ್ಟೆಯೂ ಕೊಳೆಯಾಗುತ್ತದೆ, ವುಝೂ ನಿಲ್ಲುವುದಿಲ್ಲ, ಮೂರು ವರ್ಷದಿಂದ ನಮಾಝ್ ಬಿಟ್ಟಿದ್ದೇನೆ, ನನಗೆ ಕ್ಷಮೆ ಇದೆಯೇ ಎಂದು ಸಹೋದರಿಯೊಬ್ಬರು ಬರೆದಿದ್ದರು.

ಮಸ್‌ಅಲೆ ಕಷ್ಟದ್ದಲ್ಲ. ನಿಲ್ಲದ ರಕ್ತಸ್ರಾವದಿಂದ ಬಳಲುತ್ತಿದ್ದ ಫಾತಿಮಾ ಬಿಂತ್ ಅಬೀ ಹುಬೈಶ್(ರ) ನಮಾಝನ್ನು ಬಿಟ್ಟುಬಿಡಲೇ ಎಂದು ಕೇಳಿದಾಗ ಪ್ರವಾದಿ(ಸ) ಬಿಡಬೇಡವೆಂದೇ ಹೇಳಿದರು. ತಡೆಯಲಾಗದ ಸ್ಥಿತಿ ನಿರಂತರವಾಗಿರುವ ಎಲ್ಲರಿಗೂ ವಿದ್ವಾಂಸರು ಅದೇ ರಿಯಾಯಿತಿಯನ್ನು ವಿಸ್ತರಿಸಿದ್ದಾರೆ. ಹೊತ್ತು ಆದ ಮೇಲೆ ಶುಚಿಯಾಗಿ, ಪ್ಯಾಡ್ ಧರಿಸಿ, ವುಝೂ ಮಾಡಿ ನಮಾಝ್ ನಿರ್ವಹಿಸಬೇಕು. ನಡುವೆ ಏನಾದರೂ ಹೊರಬಂದರೆ ಅದರಿಂದ ನಮಾಝ್ ಕೆಡದು. ಹನಫಿಗಳಿಗೆ ಒಂದು ಹೊತ್ತಿಗೆ ಒಂದು ವುಝೂ, ಶಾಫಿಈಗಳಿಗೆ ಪ್ರತಿ ಫರ್ಝ್‌ಗೆ ಒಂದು. ಇಷ್ಟನ್ನು ಹೇಳುವವರಿಲ್ಲದೆ ಒಬ್ಬ ಸಹೋದರಿ ಮೂರು ವರ್ಷ ಸುಜೂದ್‌ನಿಂದ ದೂರವುಳಿದರಲ್ಲ ಎಂಬುದು ಬೋಧಕರಾದ ನಮಗೇ ನಾಚಿಕೆಯ ಸಂಗತಿ.

ಮುಂದಿನ ವಾರ ಆಕೆ ಎಲ್ಲರೂ ಹೋದ ಮೇಲೆ ಉಳಿದರು. "ಆಪಾ, ಆ ಚೀಟಿ ನಂದೇ" ಎಂದರು. ಆಗ ಅವರಿಗೆ ಐದು ತಿಂಗಳು ತುಂಬಿತ್ತು. ಮೊದಲನೆಯದು ನಾರ್ಮಲ್ ಆಗಿದೆ, ಎರಡನೆಯದು ಇನ್ನೂ ಸಲೀಸು ಎಂಬುದು ಅತ್ತೆಯ ಮಾತು. ಮಗಳ ಮೊದಲ ಬಾಣಂತನವನ್ನು ಕಂಡಿದ್ದ ತಾಯಿ ಆಪರೇಷನ್ನೇ ಆಗಲಿ ಎನ್ನುತ್ತಿದ್ದರು. ಪತಿ ದೊಡ್ಡವರು ಹೇಳಿದಂತೆ ಎಂದು ಸುಮ್ಮನಿದ್ದರು. ಆಕೆಗೆ ಏನಾಗಿದೆ ಎಂಬುದು ಈ ಮೂವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಕೆಗೂ ಪೂರ್ತಿ ಗೊತ್ತಿರಲಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಇಂಗ್ಲಿಷ್ ಕಾಗದದಲ್ಲಿ ಮೂರನೇ ದರ್ಜೆಯ ಸೀಳು, ಹೊಲಿಗೆ ಹಾಕಲಾಗಿದೆ ಎಂಬ ಒಂದೇ ಸಾಲಿತ್ತು. ಅದನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ.

ಹೆರಿಗೆಯ ವೇಳೆ ಅಲ್ಪಸ್ವಲ್ಪ ಹರಿಯುವುದು ಸಾಮಾನ್ಯ. ಮೊದಲ ದರ್ಜೆಯಲ್ಲಿ ಚರ್ಮ ಮಾತ್ರ ಹರಿಯುತ್ತದೆ, ಎರಡನೆಯದರಲ್ಲಿ ಅದರಡಿಯ ಸ್ನಾಯುವೂ ಹರಿಯುತ್ತದೆ. ಇವು ಹೆಚ್ಚಾಗಿ ತೊಂದರೆಯಿಲ್ಲದೆ ಮಾಯುತ್ತವೆ. ಮೂರನೆಯದರಲ್ಲಿ ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯುವಿಗೇ ಗಾಯವಾಗುತ್ತದೆ. ನಾಲ್ಕನೆಯದರಲ್ಲಿ ಸೀಳು ಕರುಳಿನ ಒಳಪದರವನ್ನೂ ದಾಟುತ್ತದೆ. ಚೊಚ್ಚಲ ಹೆರಿಗೆ, ನಾಲ್ಕು ಕಿಲೋ ಮೀರಿದ ಮಗು, ಇಕ್ಕಳ ಹಾಕಿ ಹೊರತೆಗೆಯುವುದು, ತಳ್ಳುವ ಹಂತ ಬಹಳ ಹೊತ್ತು ಎಳೆಯುವುದು, ಇವೆಲ್ಲ ಇದರ ಸಂಭವವನ್ನು ಹೆಚ್ಚಿಸುತ್ತವೆ. ಸರಿಯಾಗಿ ತಳ್ಳಲಿಲ್ಲ, ಆದ್ದರಿಂದಲೇ ಹೀಗಾಯಿತು ಎಂದು ಬಾಣಂತಿಯನ್ನು ದೂರುವ ನಮ್ಮ ಹಿರಿಯ ಹೆಂಗಸರು ಇದನ್ನೊಮ್ಮೆ ಗಮನಿಸಬೇಕು.

ಮುಂದಿನ ಹೆರಿಗೆ ಹೇಗಾಗಬೇಕು? ಬ್ರಿಟನ್ನಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು 2015ರಲ್ಲಿ ಹೊರತಂದ ಮಾರ್ಗಸೂಚಿಯನ್ನು ನಾವು ವೈದ್ಯೆಯೊಬ್ಬರ ನೆರವಿನಿಂದ ಓದಿಕೊಂಡೆವು. ಸರಿಯಾಗಿ ಹೊಲಿಗೆಯಾದವರಲ್ಲಿ ಶೇಕಡಾ 60ರಿಂದ 80 ಮಂದಿಗೆ ಒಂದು ವರ್ಷದ ಹೊತ್ತಿಗೆ ಯಾವ ತೊಂದರೆಯೂ ಇರುವುದಿಲ್ಲ. ಅಂಥವರು ಮತ್ತೆ ಸಹಜ ಹೆರಿಗೆಗೆ ಹೋದಾಗ ಅದೇ ಬಗೆಯ ಗಾಯ ಮರುಕಳಿಸುವ ಸಂಭವ ನೂರರಲ್ಲಿ ಐದರಿಂದ ಏಳು. ಅಂದರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಮರುಕಳಿಸುವುದಿಲ್ಲ. ಆದರೆ ಗಾಳಿಯೋ ಮಲವೋ ತಡೆಯಲಾಗದ ತೊಂದರೆ ಉಳಿದಿರುವವರ ಮತ್ತು ಪರೀಕ್ಷೆಯಲ್ಲಿ ಸ್ನಾಯು ಸರಿಯಿಲ್ಲವೆಂದು ಕಂಡುಬಂದವರ ಮುಂದೆ ಮೊದಲೇ ದಿನ ನಿಗದಿಪಡಿಸಿದ ಸಿಸೇರಿಯನ್‌ನ ಆಯ್ಕೆಯನ್ನು ಇಡಬೇಕೆಂದು ಅದು ಹೇಳುತ್ತದೆ. ಮುಂಜಾಗ್ರತೆಗೆಂದು ಸುಮ್ಮನೆ ಕೊಯ್ದರೆ ಹರಿಯುವುದು ತಪ್ಪುತ್ತದೆ ಎಂಬ ನಂಬಿಕೆಗೆ ಆಧಾರವಿಲ್ಲವೆಂದೂ ಅದರಲ್ಲಿದೆ.

ಸಿಸೇರಿಯನ್‌ಗೂ ಬೆಲೆಯಿದೆ. ಹೊಟ್ಟೆ ಕೊಯ್ದ ಗಾಯ, ಸೋಂಕಿನ ಭಯ, ಚೇತರಿಕೆಗೆ ವಾರಗಳು. ಅದಕ್ಕಿಂತ ಮುಖ್ಯವಾಗಿ, ಪ್ರತಿ ಆಪರೇಷನ್ನಿನ ನಂತರ ಮುಂದಿನ ಗರ್ಭದಲ್ಲಿ ಮಾಸು ಹಳೆಯ ಕಲೆಗೆ ಅಂಟಿಕೊಂಡು ಬೆಳೆಯುವ ಅಪಾಯ ಏರುತ್ತ ಹೋಗುತ್ತದೆ. ಹಾಗಾದಾಗ ರಕ್ತಸ್ರಾವ ನಿಲ್ಲಿಸಲು ಗರ್ಭಕೋಶವನ್ನೇ ತೆಗೆಯಬೇಕಾಗಿ ಬರಬಹುದು. ನಾಲ್ಕೈದು ಮಕ್ಕಳನ್ನು ಬಯಸುವ ನಮ್ಮ ಮನೆಗಳಲ್ಲಿ ಈ ಮಾತು ಮೊದಲ ಆಪರೇಷನ್ನಿಗೆ ಮುಂಚೆಯೇ ಬರಬೇಕು.

ಹೀಗಿರುವಾಗ ಎಲ್ಲರಿಗೂ ಒಂದೇ ಉತ್ತರವಿಲ್ಲ. ಆಕೆಯ ದೇಹದ ಇಂದಿನ ಸ್ಥಿತಿಯನ್ನು ಕೇಳದೆ, ಪರೀಕ್ಷಿಸದೆ, ಹಜಾರದಲ್ಲಿ ಕುಳಿತು ತೀರ್ಮಾನಿಸುವ ಅಧಿಕಾರ ಅತ್ತೆಗೂ ಇಲ್ಲ, ತಾಯಿಗೂ ಇಲ್ಲ, ಉಸ್ತಾದರಿಗೂ ಇಲ್ಲ. ತೀರ್ಮಾನ ಆಕೆಯದು. ವೈದ್ಯರ ಸಲಹೆ ಅದಕ್ಕೆ ಆಧಾರವಾಗಬೇಕು, ಪತಿಯ ಒತ್ತಾಸೆ ಬೆನ್ನಿಗಿರಬೇಕು.

ಆಪರೇಷನ್ ಬಯಸುವುದು ತವಕ್ಕುಲ್‌ನ ಕೊರತೆ ಎನ್ನುವವರಿದ್ದಾರೆ. ಪ್ರಯಾಣದಲ್ಲಿ ತಲೆಗೆ ಗಾಯವಾಗಿದ್ದ ಒಬ್ಬರಿಗೆ ಸ್ನಾನ ಕಡ್ಡಾಯವಾದಾಗ, ನಿನಗೆ ರಿಯಾಯಿತಿಯಿಲ್ಲ ಎಂದು ಜೊತೆಗಾರರು ಹೇಳಿದರು. ಸ್ನಾನ ಮಾಡಿದ ಆತ ತೀರಿಕೊಂಡರು. ಸುದ್ದಿ ತಿಳಿದ ಪ್ರವಾದಿ(ಸ) ಕೋಪಗೊಂಡರು, ಆತನ ಸಾವಿನ ಹೊಣೆಯನ್ನು ಅವರ ಮೇಲೆಯೇ ಹೊರಿಸಿದರು, ತಿಳಿಯದಿದ್ದರೆ ಏಕೆ ಕೇಳಲಿಲ್ಲ ಎಂದರು. ಅಬೂದಾವೂದ್‌ನಲ್ಲಿರುವ ಈ ಘಟನೆಯನ್ನು ನಾವು ತಯಮ್ಮುಮ್‌ನ ಪಾಠದಲ್ಲಿ ಬೋಧಿಸುತ್ತೇವೆ. ಹೆರಿಗೆಯ ಮಾತು ಬಂದಾಗ ಮರೆಯುತ್ತೇವೆ.

ಆಸ್ಪತ್ರೆಯವರು ದುಡ್ಡಿಗಾಗಿಯೇ ಕೊಯ್ಯುತ್ತಾರೆ ಎಂಬುದು ಇನ್ನೊಂದು ಮಾತು. ಈ ಸಂಶಯ ಪೂರ್ತಿ ಆಧಾರರಹಿತವೆಂದು ನಾವು ಹೇಳಲಾರೆವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆರಿಗೆಗಳಲ್ಲಿ ಶೇಕಡಾ 31.5 ಸಿಸೇರಿಯನ್, ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು. ಆದರೆ ವ್ಯವಸ್ಥೆಯ ಮೇಲಿನ ಸಿಟ್ಟನ್ನು ಸ್ನಾಯು ಹರಿದ ಒಬ್ಬ ಹೆಣ್ಣಿನ ಮೇಲೆ ತೀರಿಸುವುದು ನ್ಯಾಯವೇ? ಸಂಶಯವಿದ್ದರೆ ಎರಡನೆಯ ವೈದ್ಯರನ್ನು ಕಾಣಲಿ.

ಇನ್ನು ಹಯಾ. ಹಯಾ ಈಮಾನಿನ ಭಾಗ, ನಿಜ. ಆದರೆ ಧರ್ಮವನ್ನು ಅರಿಯಲು ಲಜ್ಜೆ ಅಡ್ಡಿಯಾಗಗೊಡದ ಅನ್ಸಾರ್ ಮಹಿಳೆಯರನ್ನು ಆಯಿಶಾ(ರ) ಹೊಗಳಿದ್ದನ್ನು ನಾವು ಏಕೆ ಹೇಳುವುದಿಲ್ಲ? ಗಾಳಿ ನಿಲ್ಲುತ್ತಿಲ್ಲ ಎಂದು ವೈದ್ಯರ ಮುಂದೆ ಹೇಳಲು ನಾಚಿದರೆ ಆಕೆ ತೊಂದರೆಯಿಲ್ಲದವರ ಸಾಲಿಗೆ ಸೇರುತ್ತಾರೆ, ಸಲಹೆಯೂ ಹಾಗೆಯೇ ಸಿಗುತ್ತದೆ. ಮಹಿಳಾ ವೈದ್ಯರನ್ನು ಹುಡುಕುವುದು ಸರಿ. ಸಿಗದಿದ್ದರೆ ಅಗತ್ಯವಿರುವಷ್ಟನ್ನು ಪುರುಷ ವೈದ್ಯರಿಗೆ ತೋರಿಸಲು ಶರೀಅತ್ ಅನುಮತಿಸುತ್ತದೆ. ಪತಿ ಮಾಡಬೇಕಾದ ಕೆಲಸವೂ ಇಲ್ಲೇ ಇದೆ: ಹಳೆಯ ಕಾಗದವನ್ನು ಹುಡುಕಿ ತಾಯಿ ಕಾರ್ಡ್ ಜೊತೆ ಒಯ್ಯುವುದು, ಯಾವ ದರ್ಜೆಯ ಗಾಯ, ಈಗ ಸ್ನಾಯು ಹೇಗಿದೆ, ಸಹಜ ಹೆರಿಗೆಯಾದರೆ ಅನುಭವಿಗಳು ಇರುತ್ತಾರೆಯೇ ಎಂದು ಕೇಳುವುದು. ಒಳಗಿನ ಸ್ನಾಯುವನ್ನು ತೋರಿಸುವ ವಿಶೇಷ ಸ್ಕ್ಯಾನ್ ಎಲ್ಲ ಊರುಗಳಲ್ಲಿ ಸಿಗದು. ಬೆರಳಿನಿಂದ ಪರೀಕ್ಷಿಸಿಯೂ ಅನುಭವಿ ವೈದ್ಯರು ಎಷ್ಟೋ ಅರಿಯಬಲ್ಲರು.

ಮರ್ಯಮ್(ಅ) ಹೆರಿಗೆಯ ನೋವಿನಲ್ಲಿ ಖರ್ಜೂರದ ಬುಡಕ್ಕೆ ಬಂದಾಗ, ಇದಕ್ಕೂ ಮೊದಲೇ ಸತ್ತಿದ್ದರೆ ಎಂದು ಹಂಬಲಿಸಿದ್ದನ್ನು ಕುರ್‌ಆನ್ ಮುಚ್ಚಿಡುವುದಿಲ್ಲ. ಆ ಮಾತಿಗಾಗಿ ಅವರನ್ನು ಗದರಿಸುವುದೂ ಇಲ್ಲ. ದುಃಖಿಸಬೇಡ ಎಂಬ ಸಾಂತ್ವನ ಬಂತು, ನೀರು ಬಂತು, ಹಣ್ಣು ಬಂತು.

ನಮ್ಮ ತರಗತಿಯಲ್ಲೇ ಇನ್ನೊಬ್ಬ ಸಹೋದರಿಗೆ ಇಂಥದೇ ಗಾಯವಾಗಿತ್ತು. ಪೂರ್ತಿ ವಾಸಿಯಾಗಿತ್ತು, ಯಾವ ತೊಂದರೆಯೂ ಇರಲಿಲ್ಲ. ಅವರು ವೈದ್ಯೆಯೊಡನೆ ಮಾತನಾಡಿ ಸಹಜ ಹೆರಿಗೆಯನ್ನೇ ಆರಿಸಿಕೊಂಡರು, ಸುಖವಾಗಿ ಹೆತ್ತರು. ಚೀಟಿ ಬರೆದ ಸಹೋದರಿಯನ್ನು ಪರೀಕ್ಷಿಸಿದಾಗ ಸ್ನಾಯು ಕೂಡಿಕೊಂಡಿಲ್ಲವೆಂದು ತಿಳಿಯಿತು. ಪತಿ ಜೊತೆಗಿದ್ದರು. ವಿಷಯ ತಿಳಿದ ಅತ್ತೆ ಬಹಳ ಹೊತ್ತು ಮೌನವಾಗಿದ್ದು, ತಮಗೂ ಎರಡನೆಯ ಹೆರಿಗೆಯಿಂದ ಹೀಗೆಯೇ ಇದೆ ಎಂದರಂತೆ. ಆಕೆ ಸಿಸೇರಿಯನ್ ಆರಿಸಿಕೊಂಡರು. ಹೆಣ್ಣುಮಗು, ಅಲ್‌ಹಮ್ದುಲಿಲ್ಲಾಹ್. ಸ್ನಾಯುವಿನ ಚಿಕಿತ್ಸೆ ಇನ್ನು ಮುಂದೆ ಆಗಬೇಕಿದೆ.

ಕಳೆದ ವಾರ ತಂಗಿಯ ಕೈಯಲ್ಲಿ ಚೀಟಿ ಕಳುಹಿಸಿದ್ದರು, ಈ ಬಾರಿ ಹೆಸರು ಬರೆದು. ನಿಫಾಸ್ ಮುಗಿಯುತ್ತಿದೆ, ಹೊಟ್ಟೆಯ ಗಾಯದ ಒಂದು ಮೂಲೆ ಮಾಯದೆ ಇನ್ನೂ ಪಟ್ಟಿ ಇದೆ, ಸ್ನಾನ ಹೇಗೆ ಎಂದು ಕೇಳಿದ್ದರು. ವೈದ್ಯರು ಹೇಳುವವರೆಗೆ ಗಾಯಕ್ಕೆ ನೀರು ತಾಗಿಸಬೇಡಿ, ಉಳಿದ ದೇಹವನ್ನು ತೊಳೆದು ಪಟ್ಟಿಯ ಮೇಲೆ ಒದ್ದೆ ಕೈ ಸವರಿ, ನೀವು ಶಾಫಿಈ ಆದುದರಿಂದ ಜೊತೆಗೆ ತಯಮ್ಮುಮ್ ಕೂಡ ಮಾಡಿ ಎಂದು ಬರೆದು ಕಳುಹಿಸಿದೆವು.