ಬನಿಯನ್ ಬಟ್ಟೆಯೂ ಮನೆಯ ಹೊಲಿಗೆ ಯಂತ್ರವೂ

ನಮ್ಮ ಮನೆಗಳಲ್ಲಿ ಬೇರೂರಿರುವ ಒಂದು ನಂಬಿಕೆಯ ವಿಷಯವಾಗಿ ಇಂದು ನಾಲ್ಕು ಮಾತು ಬರೆಯಬೇಕೆನಿಸಿದೆ. ಟೀ ಶರ್ಟಿನ ಬಟ್ಟೆಯನ್ನು ಮನೆಯ ಯಂತ್ರದಲ್ಲಿ ಹೊಲಿಯಲಾಗದು ಎಂಬುದೇ ಆ ನಂಬಿಕೆ. "ಇದು ಬನಿಯನ್ ಬಟ್ಟೆ, ನಮ್ಮ ಮೆಷಿನ್ನಿಗೆ ಬರೋದಿಲ್ಲ" ಎಂದು ಬೀದಿಯ ದರ್ಜಿಯೂ ಹಿಂದಿರುಗಿಸಿಬಿಡುತ್ತಾನೆ. ಹೀಗಾಗಿ ಕಂಕುಳಲ್ಲಿ ಎರಡಂಗುಲ ಹೊಲಿಗೆ ಬಿಟ್ಟ ಗಟ್ಟಿ ಅಂಗಿಯೊಂದು ನೆಲ ಒರೆಸುವ ಬಟ್ಟೆಯಾಗುತ್ತದೆ. ಅಜ್ಜಿಯ ಕಾಲದ ಕರಿಯ ಯಂತ್ರ ಹೂದಾನಿಯನ್ನು ಹೊತ್ತು ಮೂಲೆಯಲ್ಲಿ ನಿಲ್ಲುತ್ತದೆ. ಈ ನಂಬಿಕೆಗೆ ಆಧಾರವಿಲ್ಲವೆಂಬುದು ನನ್ನ ಅಭಿಪ್ರಾಯ.

ಮೊದಲು ಬಟ್ಟೆಯ ಸ್ವಭಾವವನ್ನು ನೋಡೋಣ. (ನನ್ನ ವಿಜ್ಞಾನದ ತರಗತಿಯಲ್ಲಿ ಕುಳಿತಿದ್ದವರು, ಮತ್ತೆ ಪಾಠ ಶುರುವಾಯಿತೆಂದು ನಗಬೇಡಿ.) ನೇಯ್ದ ಬಟ್ಟೆಯಲ್ಲಿ ಹಾಸು ಮತ್ತು ಹೊಕ್ಕು ಎಂಬ ಎರಡು ಸಾಲು ಎಳೆಗಳು ಒಂದನ್ನೊಂದು ಅಡ್ಡ ಹಾಯುತ್ತವೆ. ಹೆಣೆದ ಬಟ್ಟೆಯಲ್ಲಿ ಹಾಗಿಲ್ಲ. ಅಲ್ಲಿ ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಹೊರಡುತ್ತದೆ. ಸ್ವೆಟರ್ ಹೆಣೆಯುವ ಕೈಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಈ ಕೆಲಸವನ್ನು ಯಂತ್ರಕ್ಕೆ ಕಲಿಸಿದವನು ಇಂಗ್ಲೆಂಡಿನ ವಿಲಿಯಂ ಲೀ, 1589ರಲ್ಲಿ, ಕಾಲುಚೀಲಗಳಿಗಾಗಿ. ಇಂದು ನೆರೆಯ ತಮಿಳುನಾಡಿನ ತಿರುಪ್ಪೂರು ಈ ಬಟ್ಟೆಗೇ ಹೆಸರಾದ ಊರು. ನಾವು ಬಟ್ಟೆಯನ್ನು ಎಳೆದಾಗ ಉದ್ದವಾಗುವುದು ನೂಲಲ್ಲ. ದುಂಡಗಿದ್ದ ಕುಣಿಕೆ ಚಪ್ಪಟೆಯಾಗುತ್ತದೆ, ಬಿಟ್ಟಾಗ ಮತ್ತೆ ದುಂಡಗಾಗುತ್ತದೆ.

ತೊಡಕು ಹುಟ್ಟುವುದು ಇಲ್ಲಿಯೇ. ಸೂಜಿಯು ಕೆಳಗಿಳಿದು ಮೇಲೇರತೊಡಗುವ ಕ್ಷಣದಲ್ಲಿ ಅದರ ದಾರ ಪುಟ್ಟದೊಂದು ಕುಣಿಕೆಯಾಗಿ ನಿಲ್ಲಬೇಕು. ಕೆಳಗಿನ ಕೊಕ್ಕೆ ಅದನ್ನು ಹಿಡಿದರಷ್ಟೇ ಹೊಲಿಗೆ ಬೀಳುತ್ತದೆ. ಮೆದುವಾದ ಬಟ್ಟೆ ಸೂಜಿಗೆ ಅಂಟಿಕೊಂಡು ಮೇಲೆ ಕೆಳಗೆ ಕುಣಿದರೆ ಕೊಕ್ಕೆಗೆ ದಾರ ಸಿಗದು, ಹೊಲಿಗೆ ತಪ್ಪುತ್ತದೆ. ಚೂಪು ಸೂಜಿ ಬಟ್ಟೆಯ ಎಳೆಯನ್ನೇ ಕತ್ತರಿಸಿದರೆ ಅಲ್ಲೊಂದು ತೂತು ಬಿದ್ದು, ಅದು ಏಣಿಯಂತೆ ಕೆಳಗಿಳಿಯುತ್ತದೆ. ಹೇಗೋ ಹೊಲಿದು ಮುಗಿಸಿದರೂ ನೇರ ಹೊಲಿಗೆಯ ದಾರ ಹಿಗ್ಗುವುದಿಲ್ಲ. ತಲೆಯ ಮೇಲಿಂದ ಅಂಗಿ ತೊಡುವಾಗ ಅದು ಟಪ್ಪೆಂದು ಹರಿಯುತ್ತದೆ. ಜನ ಆಗ ಯಂತ್ರವನ್ನು ದೂರುತ್ತಾರೆ.

ಬದಲಿಸಬೇಕಾದದ್ದು ಯಂತ್ರವನ್ನಲ್ಲ, ಸೂಜಿಯನ್ನು. ಬಾಲ್ ಪಾಯಿಂಟ್ ಸೂಜಿಯೆಂದು ಕೇಳಿದರೆ ಹೊಲಿಗೆ ಸಾಮಾನಿನ ಅಂಗಡಿಯವರಿಗೆ ತಿಳಿಯುತ್ತದೆ. ಅದರ ಮೊನೆ ದುಂಡಗಿರುವುದರಿಂದ ಎಳೆಯನ್ನು ಕತ್ತರಿಸದೆ ಪಕ್ಕಕ್ಕೆ ಸರಿಸಿ ಒಳಹೋಗುತ್ತದೆ. ತೆಳುವಾದ ಬಟ್ಟೆಗೆ 11ನೆಯ ನಂಬರು, ದಪ್ಪನೆಯದಕ್ಕೆ 14 ಸಾಕು. ಕೊಳ್ಳುವಾಗ ನಿಮ್ಮ ಯಂತ್ರದ ಹಳೆಯ ಸೂಜಿಯನ್ನು ಜೊತೆಗೆ ಒಯ್ಯಿರಿ. ಮನೆಯ ಯಂತ್ರದ ಸೂಜಿಯ ಬುಡ ಸಾಮಾನ್ಯವಾಗಿ ಒಂದು ಬದಿ ಚಪ್ಪಟೆ, ಕಾರ್ಖಾನೆಯದು ದುಂಡು. ದಾರ ಹತ್ತಿಯದು ಬೇಡ, ಪಾಲಿಯೆಸ್ಟರ್ ಇರಲಿ. ಜಿಗ್‌ಜ್ಯಾಗ್ ಇರುವ ಯಂತ್ರವಾದರೆ ಅತಿ ಕಿರಿದಾದ ಜಿಗ್‌ಜ್ಯಾಗಿನಲ್ಲಿ ಹೊಲಿಯಿರಿ, ಬಟ್ಟೆಯನ್ನು ಎಳೆಯಬೇಡಿ. ನೇರ ಹೊಲಿಗೆಯೊಂದನ್ನೇ ಬಲ್ಲ ಕರಿಯ ಯಂತ್ರವಾದರೆ ಹೊಲಿಗೆ ಚಿಕ್ಕದಿರಲಿ, ಮೇಲಿನ ದಾರದ ಬಿಗಿ ತುಸು ಸಡಿಲವಾಗಲಿ. ಬಟ್ಟೆಯನ್ನು ಸೂಜಿಯ ಹಿಂದೆಯೂ ಮುಂದೆಯೂ ಹಿಡಿದು ಒಂದಿಷ್ಟೇ ಬಿಗಿಯಾಗಿಸಿಕೊಂಡು ಹೊಲಿಯಿರಿ. ಬಟ್ಟೆ ಹಲ್ಲಿಗೆ ಸಿಕ್ಕಿಕೊಂಡರೆ ಅಡಿಯಲ್ಲಿ ತೆಳುಕಾಗದದ ಪಟ್ಟಿಯಿಟ್ಟು, ಆಮೇಲೆ ಹರಿದು ತೆಗೆದರಾಯಿತು. ಭುಜದ ಹೊಲಿಗೆ ಜೋತು ಬೀಳದಂತೆ ಒಂದು ಹತ್ತಿಯ ಪಟ್ಟಿಯನ್ನು ಸೇರಿಸಿ.

"ಓವರ್‌ಲಾಕ್ ಇಲ್ಲದೆ ಹೇಗೆ ಮೇಡಂ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಓವರ್‌ಲಾಕ್ ಅಂಚನ್ನು ಅಂದಗೊಳಿಸುತ್ತದೆ, ಕೆಲಸವನ್ನು ಚುರುಕಾಗಿಸುತ್ತದೆ, ನಿಜ. ಆದರೆ ಕತ್ತರಿಸಿದ ಅಂಚಿನಿಂದ ಎಳೆ ಎಳೆಯಾಗಿ ಬಿಚ್ಚಿಕೊಳ್ಳುವುದು ನೇಯ್ದ ಬಟ್ಟೆ. ಟೀ ಶರ್ಟಿನ ಅಂಚು ಸುರುಳಿ ಸುತ್ತಿಕೊಳ್ಳುತ್ತದೆಯೇ ಹೊರತು ಸುಲಭವಾಗಿ ಬಿಚ್ಚುವುದಿಲ್ಲ.

ಇಷ್ಟೆಲ್ಲ ಬರೆಯಲು ಕಾರಣ ಅಂಗಿ ಉಳಿಸುವ ಆಸೆಯೊಂದೇ ಅಲ್ಲ. ಹೊಲಿಗೆಯನ್ನೇ ನಂಬಿದ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. ಸರಕಾರಗಳು ಅವರಿಗೆ ಯಂತ್ರ ಕೊಡುತ್ತವೆ. 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳಿಗೂ ಸಲಕರಣೆಗೆಂದು 15,000 ರೂಪಾಯಿಯವರೆಗೆ ನೆರವುಂಟು. ಆದರೆ ನಾನು ಕಂಡ ತರಬೇತಿಗಳಲ್ಲಿ ಕಲಿಸುವುದು ಇಂದಿಗೂ ರವಿಕೆ, ಲಂಗ, ಸೀರೆಯ ಫಾಲ್. ಅತ್ತ ಬೀದಿಯಲ್ಲಿ ಹೋಗುವ ಮಕ್ಕಳನ್ನು ನೋಡಿ: ಟೀ ಶರ್ಟು, ಲೆಗ್ಗಿಂಗ್ಸು, ಶಾಲೆಯ ಆಟದ ಸಮವಸ್ತ್ರ, ಎಲ್ಲವೂ ಹೆಣೆದ ಬಟ್ಟೆ! ಹಳೆಯ ಪಾಠಪಟ್ಟಿ ಹಿಡಿದು ಹೊಸ ಯಂತ್ರ ಹಂಚಿದರೆ ಆಕೆ ಬಂದ ಗಿರಾಕಿಯನ್ನು ಹಿಂದಕ್ಕೆ ಕಳುಹಿಸಬೇಕಾಗುತ್ತದೆ. ಈ ಪಾಠಕ್ಕೆ ಎರಡು ಮಧ್ಯಾಹ್ನ ಸಾಕು.

ಟೀ ಶರ್ಟು ಅಗ್ಗ, ಅದಕ್ಕೇಕೆ ರಿಪೇರಿ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಜೂನ್ ತಿಂಗಳಲ್ಲಿ ಮೂರು ಮಕ್ಕಳಿಗೆ ಸಮವಸ್ತ್ರ ಕೊಳ್ಳುವ ತಾಯಿಯನ್ನು ಕೇಳಿ ನೋಡಿ. ಅಣ್ಣನ ಟ್ರ್ಯಾಕ್ ಪ್ಯಾಂಟನ್ನು ತಮ್ಮನ ಅಳತೆಗೆ ಇಳಿಸಿಕೊಡುವವರು ಊರಲ್ಲೇ ಇದ್ದರೆ ಆಕೆ ಸಂತೋಷವಾಗಿ ಇಪ್ಪತ್ತು ಮೂವತ್ತು ರೂಪಾಯಿ ಕೊಟ್ಟಾಳು.

ತರಬೇತಿ ಕೇಂದ್ರಗಳೊಡನೆ ಸಂಬಂಧವುಳ್ಳವರು ನಿಮ್ಮಲ್ಲಿ ಯಾರಾದರೂ ಇದ್ದರೆ ಈ ಮಾತನ್ನು ಅಲ್ಲಿ ಎತ್ತಿರಿ. ಉಳಿದವರು ಈ ಭಾನುವಾರ ಹೂದಾನಿಯನ್ನು ಕೆಳಗಿಳಿಸಿ, ಯಂತ್ರಕ್ಕೆ ಎಣ್ಣೆ ಬಿಟ್ಟು, ಒರೆಸುವ ಬಟ್ಟೆಗೆಂದು ಎತ್ತಿಟ್ಟ ಟೀ ಶರ್ಟಿನ ಮೇಲೆ ಮೊದಲ ಸಾಲು ಹೊಲಿದು ನೋಡಿ.